ನಂಬರ್ ಅದೇ, ಕಂಪನಿ ಬೇರೆ

ಫೋನು ಎರಡನೇ ಸಲ ಬಡಿದುಕೊಳ್ಳುವುದರೊಳಗೆ ಎತ್ತಬೇಕು. ಇದು ಲಿಫ್ಟಕ್ಕನ ಮನೆಯ ಕಾನೂನು. ಒಲೆಯ ಮೇಲೆ ಹಾಲು ಉಕ್ಕಲಿ, ತಲೆಗೆ ಹಚ್ಚಿದ ಎಣ್ಣೆ ಕುತ್ತಿಗೆಗೆ ಇಳಿಯಲಿ, ಸ್ವಂತ ತಂಗಿಯೇ ಬಂದು ಬಾಗಿಲಲ್ಲಿ ನಿಂತಿರಲಿ, ಮೊದಲು ಫೋನು. ಎತ್ತಿದ ಮೇಲೆ ಮೊದಲ ಮಾತೂ ಅವಳದೇ. ಆ ಕಡೆ ಯಾರು, ಏನು, ಎತ್ತ ಎಂದು ಕೇಳುವುದೆಲ್ಲ ಆಮೇಲೆ.

"ಹೆದರಬೇಡಿ, ನಾನಿದೀನಿ. ಬಾಗಿಲು ತಳ್ಳಬೇಡಿ. ಗೋಡೆಗೆ ಬೆನ್ನು ಕೊಟ್ಟು ಕೂತ್ಕೊಳ್ಳಿ. ನಮ್ಮ ಯಜಮಾನ್ರು ಆಗ್ಲೇ ಹೊರಟಾಯ್ತು, ದಾರೀಲಿದಾರೆ."

ಇಷ್ಟನ್ನೂ ಒಂದೇ ಸಮನೆ, ಆದರೆ ಅವಸರವಿಲ್ಲದೆ, ಮಗುವಿನ ಬೆನ್ನು ತಟ್ಟುವ ಹಾಗೆ ಹೇಳುತ್ತಿದ್ದಳು. ಲಿಫ್ಟಿನೊಳಗೆ ಸಿಕ್ಕಿಕೊಂಡವರಿಗೆ ಮೊದಲು ಮಾತಾಡಲು ಬಾಯಿ ಬರುವುದಿಲ್ಲ, ಬಂದರೂ ಕಿರುಚಾಟ ಬರುತ್ತದೆ. ಅದಕ್ಕೇ ಮೊದಲ ಮಾತು ಹೊರಗಿನಿಂದ ಹೋಗಬೇಕು ಎಂಬುದು ಅವಳ ಲೆಕ್ಕಾಚಾರ.

ಅವಳ ಗಂಡ ಲಿಫ್ಟ್ ಮೇಸ್ತ್ರಿ. ದೊಡ್ಡ ಕಂಪನಿಗಳು ಹಾಕಿ, ವಯಸ್ಸಾಯಿತೆಂದು ಕೈಬಿಟ್ಟ ಹಳೇ ಲಿಫ್ಟುಗಳೆಲ್ಲ ಅವನ ಪಾಲಿಗೆ ಬಂದಿದ್ದವು. ಆಸ್ಪತ್ರೆ, ಆಫೀಸು, ಫ್ಲ್ಯಾಟು, ಅಂಗಡಿ ಸಂಕೀರ್ಣ, ಎಲ್ಲ ಕಡೆಯೂ ಲಿಫ್ಟಿನ ಗುಂಡಿಗಳ ಕೆಳಗೆ ಒಂದು ಸ್ಟೀಲಿನ ತಗಡು, ಆ ತಗಡಿನ ಮೇಲೆ ಕೊರೆದ ಒಂದು ನಂಬರು. ಆ ನಂಬರು ಮೇಸ್ತ್ರಿಯದಲ್ಲ, ಹೆಂಡತಿಯದು. ಮೊದಮೊದಲು ಅವನದೇ ಇತ್ತು. ಆದರೆ ಒಮ್ಮೆ ಒಳಗೆ ಸಿಕ್ಕಿಕೊಂಡ ಒಬ್ಬ ಗುಮಾಸ್ತರು ಗೋಳಾಡಿದಾಗ ಈ ಮಹಾನುಭಾವ, "ಯಾಕ್ರೀ ಹಂಗೆ ಕೂಗ್ತೀರಾ? ಹಗ್ಗ ಹರಿಯೋದಾಗಿದ್ರೆ ಇಷ್ಟು ಹೊತ್ತಿಗೆ ಕೆಳಗಿರ್ತಿದ್ರಿ" ಎಂದು ಸಮಾಧಾನ ಹೇಳಿದ್ದ. ಬಾಗಿಲು ತೆಗೆದು ನೋಡಿದರೆ ಗುಮಾಸ್ತರು ಎಚ್ಚರ ತಪ್ಪಿ ಮಲಗಿದ್ದರು. ಅಂದೇ ಹೆಂಡತಿ ಫೋನು ಕಿತ್ತುಕೊಂಡಳು. ಅವನ ಜೇಬಿಗೆ ಬೇರೊಂದು ಫೋನು ಬಂತು, ಅದರ ನಂಬರು ಅವಳೊಬ್ಬಳಿಗೆ ಮಾತ್ರ ಗೊತ್ತು. ಲೋಕವೆಲ್ಲ ಅವಳಿಗೆ ಹೇಳಬೇಕು, ಅವಳು ಅವನಿಗೆ ಹೇಳಬೇಕು. ಸಂಸಾರದಲ್ಲೂ ಇದೇ ಪದ್ಧತಿ ಇದ್ದದ್ದರಿಂದ ಹೊಸದಾಗಿ ಕಲಿಯುವುದೇನೂ ಇರಲಿಲ್ಲ.

ಇನ್ನೊಂದು ವಿಷಯ ಹೇಳಿಬಿಡಬೇಕು. ಈ ಮೇಸ್ತ್ರಿ ಲಿಫ್ಟಿನ ತಲೆಯ ಮೇಲೆ ನಿಂತು ಎಣ್ಣೆ ಹಾಕುತ್ತಾನೆ, ಲಿಫ್ಟಿನ ತಳದ ಹಳ್ಳಕ್ಕೆ ಇಳಿದು ಸ್ಪ್ರಿಂಗು ಬಿಗಿಯುತ್ತಾನೆ, ಆದರೆ ಲಿಫ್ಟಿನೊಳಗೆ ನಿಂತು ಬಾಗಿಲು ಮುಚ್ಚಿಕೊಂಡು ಹೋಗು ಎಂದರೆ ಸುತರಾಂ ಹೋಗುವುದಿಲ್ಲ. ಎಷ್ಟು ಮಹಡಿಯಾದರೂ ಮೆಟ್ಟಿಲೇ. "ಮೆಟ್ಟಿಲು ಆರೋಗ್ಯಕ್ಕೆ ಒಳ್ಳೇದು" ಎನ್ನುತ್ತಿದ್ದ. ಅಡುಗೆಯವನಿಗೆ ತನ್ನ ಹೋಟೆಲಿನ ಊಟ ಇಳಿಯುವುದಿಲ್ಲವಲ್ಲ, ಹಾಗೆ ಎಂದು ಹೆಂಡತಿ ನಗುತ್ತಿದ್ದಳು.

ಬಾಗಿಲು ತೆರೆದು ಹೊರಗೆ ಬಂದವರು ಮೇಸ್ತ್ರಿಯ ಕೈ ಹಿಡಿದು ಕುಲುಕುತ್ತಿದ್ದರು. "ಎಷ್ಟು ಬೇಗ ಬಂದ್ರಿ ಸಾರ್!" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಲಿಫ್ಟಕ್ಕನ ಮುಖವನ್ನು ಯಾರೂ ನೋಡಿರಲಿಲ್ಲ, ಅವಳೂ ಆ ಕಟ್ಟಡಗಳನ್ನು ನೋಡಿರಲಿಲ್ಲ. ಅದಕ್ಕೆ ಬೇಜಾರಿಲ್ಲ ಎಂದು ಅವಳು ಹೇಳುತ್ತಿದ್ದಳು. ನಂಬಬೇಡಿ, ಬೇಜಾರಿತ್ತು.

ಹೀಗಿರುವಾಗ ಒಂದು ಸಂಜೆ ಮೇಸ್ತ್ರಿ ಊದಿದ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು, ಅವಳ ಫೋನಿನ ಬಿಲ್ಲನ್ನು ದೂರ ಹಿಡಿದು ಓದಿದ.

"ಏನೇ ಇದು? ಆಸ್ಪತ್ರೆ ಬಿಲ್ಲಾ, ಫೋನ್ ಬಿಲ್ಲಾ?"

"ಫೋನ್ ಬಿಲ್ಲು. ಯಾಕೆ?"

"ಯಾಕೆ ಅಂತೆ! ನನ್ನದರ ಮೂರು ಪಟ್ಟಿದೆ. ಬರೀ ಮಾತಿಗೆ ಇಷ್ಟು ಸುರೀಬೇಕಾ? ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತ ಹಿರಿಯರು ಸುಮ್ನೆ ಹೇಳಿಲ್ಲ."

"ಮಾತು ನಿಮ್ಮ ಕೈಲಿದ್ದಾಗ ಆ ಗುಮಾಸ್ತರಿಗೆ ಏನಾಯ್ತು, ನೆನಪಿದೆಯಾ?"

ಮೇಸ್ತ್ರಿ ಜೇಬಿನಿಂದ ಒಂದು ಹೊಳೆಯುವ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಕೋಟು ಹಾಕಿಕೊಂಡ ಒಬ್ಬ ಕಟ್ಟಡದಿಂದ ಕಟ್ಟಡಕ್ಕೆ ಅವನ ಹಿಂದೆ ಬಿದ್ದಿದ್ದನಂತೆ. ಅವರದೊಂದು ಕಾಲ್ ಸೆಂಟರ್. ಲಿಫ್ಟಿನೊಳಗಿನವರ ಕರೆಗಳನ್ನೆಲ್ಲ ಅವರೇ ಎತ್ತುತ್ತಾರೆ, ಹೆಸರು ವಿಳಾಸ ಬರೆದುಕೊಂಡು ಮೇಸ್ತ್ರಿಗೆ ಸಂದೇಶ ಕಳಿಸುತ್ತಾರೆ. ಕೊಡಬೇಕಾದದ್ದು ಈ ಬಿಲ್ಲಿನ ಅರ್ಧವೂ ಇಲ್ಲ. ಮೊದಲ ತಿಂಗಳು ಪುಕ್ಕಟೆ, ಬೇಕಾದರೆ ಈಗಲೇ ಪರೀಕ್ಷೆ ಮಾಡಿ ನೋಡಬಹುದು.

"ನಿನಗೂ ಆರಾಮು ಕಣೇ. ನೆಮ್ಮದಿಯಾಗಿ ತಲೆ ಸ್ನಾನ ಮಾಡ್ಬಹುದು."

ಅವಳು ತನ್ನ ಕುರ್ಚಿಯ ಕಡೆ ನೋಡಿದಳು. ಗೋಡೆಗೆ ಒತ್ತಿ ಇಟ್ಟ ಆ ಬೆತ್ತದ ಕುರ್ಚಿ, ಅದರ ಹಿಂದೆ ಮೊಳೆಗೆ ನೇತು ಹಾಕಿದ, ಲಿಫ್ಟು ಬಾಗಿಲುಗಳ ಇನ್ನೊಂದು ಕೀಲಿಗೊಂಚಲು, ಕಿಟಕಿಯ ಬಳಿಯ ಚಾರ್ಜರು, ಅಷ್ಟೇ ಅವಳ ಆಫೀಸು. ಆ ಕುರ್ಚಿಯ ಮೇಲೆ ಕೂತು ಅವಳು ಎಷ್ಟು ಜನರನ್ನು ಅಳುವಿನಿಂದ ನಗುವಿಗೆ ತಂದಿದ್ದಳು! ಅದನ್ನು ಈಗ ಯಾವನೋ ಕೋಟಿನವನ ಕೈಗೆ ಕೊಡುವುದೇ? ಆದರೆ ಅಳುವ ಪೈಕಿ ಅಲ್ಲ ಅವಳು.

"ಬಿಲ್ಲು ತಾನೇ ನಿಮ್ಮ ತೊಂದರೆ? ಇಳಿಸ್ತೀನಿ. ಕಂಪನಿ ಬದಲಾಯಿಸ್ತೀನಿ. ನನ್ನ ತಂಗಿ ಬದಲಾಯಿಸಿ ಯಾವ ಕಾಲ ಆಯ್ತು, ನನ್ನ ಬಿಲ್ಲಿನ ಕಾಲು ಭಾಗ ಕಟ್ತಾಳೆ ಅವಳು."

"ನಂಬರ್ ಬದಲಾದ್ರೆ? ಅಷ್ಟೂ ತಗಡು ನೀನು ಕೆತ್ತಿಸ್ತೀಯಾ?"

"ನಂಬರ್ ಅದೇ, ಕಂಪನಿ ಬೇರೆ. ನನಗೆ ಅಷ್ಟೂ ಗೊತ್ತಿಲ್ಲ ಅಂದ್ಕೊಂಡ್ರಾ?"

"ನಡುವೆ ಎಲ್ಲಾದ್ರೂ ಕೈ ಕೊಟ್ರೆ? ಯಾರಾದ್ರೂ ಒಳಗಿಂದ ಫೋನ್ ಮಾಡಿ, ಹೋಗದೇ ಇದ್ರೆ?"

ಅಲ್ಲಿ ಅವಳ ಬಾಯಿ ಅವಳನ್ನೇ ಮೀರಿತು. "ಒಂದೇ ಒಂದು ಫೋನ್ ತಪ್ಪಿದ್ರೂ ಆ ಕೋಟಿನವನನ್ನ ನಾನೇ ಕರೆದು ಕೂರಿಸಿ, ಚಹಾ ಕೊಟ್ಟು, ಈ ನಂಬರ್ ಅವನ ಕೈಗೆ ಹಾಕ್ತೀನಿ. ಸರೀನಾ?"

"ಮಾತು ಕೊಟ್ಟಾಯ್ತಾ?"

"ಕೊಟ್ಟಾಯ್ತು!"

ಮೇಸ್ತ್ರಿ ಕಾರ್ಡನ್ನು ಜೇಬಿಗೆ ಸೇರಿಸಿಕೊಂಡು ನಕ್ಕ. ಆ ನಗು ನೋಡಿ ಅವಳಿಗೆ ಇನ್ನಷ್ಟು ಹುರುಪು ಬಂತು.

ಮಾರನೇ ದಿನ ಬೆಳಗ್ಗೆ ತಿಂಡಿ ಮುಗಿಸಿ, ಸೆರಗು ಸಿಕ್ಕಿಸಿ, ಗಂಡನ ಫೋನಿನಿಂದಲೇ ತನ್ನ ಹಳೇ ಕಂಪನಿಗೆ ಕರೆ ಮಾಡಿದಳು. ತನ್ನ ಫೋನನ್ನು ಅದಕ್ಕೆ ಬಳಸುವ ಹಾಗಿಲ್ಲ, ಯಾರಾದರೂ ಸಿಕ್ಕಿಕೊಂಡರೆ? ಆ ಕಡೆಯಿಂದ ಯಂತ್ರದ ಹೆಂಗಸು ಒಂದೊಂದಾಗಿ ಗುಂಡಿಗಳನ್ನು ವಿವರಿಸಿದಳು. ಬಿಲ್ಲು ಕಟ್ಟಲು ಒಂದು, ಹಾಡು ಬದಲಾಯಿಸಲು ಎರಡು, ಹೊಸ ಸಂಪರ್ಕ ಕೊಳ್ಳಲು ಮೂರು. ಬಿಟ್ಟು ಹೋಗಲು ಗುಂಡಿಯೇ ಇಲ್ಲ! ಲಿಫ್ಟಕ್ಕ ನಕ್ಕಳು. ಹೊಸ ಸಂಪರ್ಕ ಬೇಕಾದವರ ಗುಂಡಿ ಒತ್ತಿದಳು. ಕೊಳ್ಳುವವರು ಅಂದರೆ ಮನುಷ್ಯರೇ ಓಡಿ ಬರುತ್ತಾರೆ. ಬಂದಳು, ಜೇನಿನಂಥ ದನಿಯ ಒಬ್ಬ ಹುಡುಗಿ.

"ನಮಸ್ಕಾರ ಮೇಡಂ, ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?"

"ನಂಬರ್ ಇಟ್ಕೊಂಡು ಬೇರೆ ಕಂಪನಿಗೆ ಹೋಗ್ತಿದೀನಿ ಕಣಮ್ಮ. ಮೆಸೇಜ್ ಹಾಕಿದೆ, ಬಿಟ್ಟು ಹೋಗೋಕೆ ಬೇಕಾದ ಕೋಡ್ ಬರಲಿಲ್ಲ. ಅದೊಂದು ಕಳಿಸು."

"ಅಯ್ಯೋ, ನಿಮ್ಮಂಥ ಹಳೇ ಗ್ರಾಹಕರನ್ನ ಕಳ್ಕೊಳ್ಳೋದು ನಮಗೆ ತುಂಬಾ ಬೇಜಾರು ಮೇಡಂ. ನಿಮಗೋಸ್ಕರ ಸಿನಿಮಾ ಪ್ಯಾಕ್ ಉಚಿತವಾಗಿ..."

"ಸಿನಿಮಾ ಈಗಾಗ್ಲೇ ಇದೆಯಂತೆ, ಬಿಲ್ಲಲ್ಲಿ ದುಡ್ಡು ಹಾಕಿದೀರಿ. ಒಂದಾದ್ರೂ ನೋಡಿದೀನಾ ಕೇಳು."

"ಹಾಗಾದ್ರೆ ವಿದೇಶಕ್ಕೆ ಕಡಿಮೆ ದರದಲ್ಲಿ ಕರೆ..."

"ವಿದೇಶದಲ್ಲಿ ಲಿಫ್ಟ್ ನಿಂತ್ರೆ ಅಲ್ಲಿಯೋರು ನೋಡ್ಕೋತಾರೆ ಬಿಡಮ್ಮ."

ಹುಡುಗಿಗೆ ಇದು ಅರ್ಥವಾಗಲಿಲ್ಲ. "ಒಂದೇ ನಿಮಿಷ ಲೈನಲ್ಲಿರಿ ಮೇಡಂ" ಎಂದು ಹಾಡು ಹಚ್ಚಿ ಹೋದಳು. ಹಾಡು ಮುಗಿದು, ಮತ್ತೆ ಅದೇ ಹಾಡು ಶುರುವಾಯಿತು. ಲಿಫ್ಟಕ್ಕನಿಗೆ ಮೈಯೆಲ್ಲ ಉರಿಯಿತು. ಅವಳ ಕಸುಬಿನಲ್ಲಿ ಹಾಡು ಹಾಕುವುದೆಂದರೆ ಮುಳುಗುವವನಿಗೆ ಕೈ ಬೀಸಿ ಹೋದಂತೆ. ಹುಡುಗಿ ವಾಪಸು ಬಂದಾಗ ಅವಳು ತನ್ನ ಆ ಇನ್ನೊಂದು ದನಿ ತೆಗೆದಳು, ಮಗುವಿನ ಬೆನ್ನು ತಟ್ಟುವ ದನಿ.

"ನೋಡು ಪುಟ್ಟಾ, ನಿನ್ನ ತಪ್ಪಿಲ್ಲ. ಇವನ್ನೆಲ್ಲ ಹೇಳ್ಲೇಬೇಕು ಅಂತ ನಿನಗೆ ಬರ್ದು ಕೊಟ್ಟಿರ್ತಾರೆ. ಆದ್ರೆ ನಾನೇನು ಕೆಲಸ ಮಾಡ್ತೀನಿ ಗೊತ್ತಾ? ಲಿಫ್ಟಲ್ಲಿ ಸಿಕ್ಕಾಕೊಂಡೋರ ಹತ್ರ ಮಾತಾಡೋ ಕೆಲಸ. ಈಗ ನಾನೇ ನಿಮ್ಮ ಪ್ಲಾನಲ್ಲಿ ಸಿಕ್ಕಾಕೊಂಡಿದೀನಿ. ಬಾಗಿಲ ಕೀಲಿ ನಿನ್ನ ಕೈಲಿದೆ. ಒಳಗಿರೋಳಿಗೆ ಸಿನಿಮಾ ತೋರಿಸ್ತೀನಿ ಅಂತೀಯಲ್ಲ, ನಿನಗೇ ಸರಿ ಕಾಣುತ್ತಾ?"

ಹುಡುಗಿ ಕಿಸಕ್ಕನೆ ನಕ್ಕಳು. ಜೇನೆಲ್ಲ ಹೋಗಿ, ಮನೆಯ ಹೆಣ್ಣುಮಗಳ ನಗು ಬಂತು.

"ಕಳಿಸ್ತೀನಿ ಆಂಟಿ." ದನಿ ತಗ್ಗಿಸಿ ಹೇಳಿದಳು, "ಒಂದು ಮಾತು. ಹೊಸ ಸಿಮ್ ಶುರುವಾಗೋ ದಿನ ನಡುವೆ ಒಂದಷ್ಟು ಹೊತ್ತು ಫೋನ್ ಸತ್ತಂಗಿರುತ್ತೆ. ಹಳೇದೂ ಇರಲ್ಲ, ಹೊಸದೂ ಇರಲ್ಲ. ಎಷ್ಟು ಹೊತ್ತು ಅಂತ ಯಾರ ಕೈಲೂ ಹೇಳಕ್ಕಾಗಲ್ಲ. ಅದೊಂದು ನೋಡ್ಕೊಳ್ಳಿ."

"ನಿನ್ನ ಹೊಟ್ಟೆ ತಣ್ಣಗಿರಲಿ" ಎಂದಳು ಲಿಫ್ಟಕ್ಕ. ನಿಜವಾಗಿಯೂ ಹಾಗೆಂದೇ ಹಾರೈಸಿದಳು.

ರಸ್ತೆ ತಿರುವಿನ ಸಿಮ್ ಅಂಗಡಿಯವನು ಮನೆಗೇ ಬಂದು ಹೊಸ ಸಿಮ್ ಕೊಡುವಾಗ, "ಸಿಗ್ನಲ್ ಹೆಂಗೆ ಬರುತ್ತೋ ನೋಡ್ಕೊಳ್ಳಿ ಅಕ್ಕ, ಆಮೇಲೆ ನನ್ನ ಬೈಬೇಡಿ" ಎಂದ. ಅವಳಾಗಲೇ ನೋಡಿಕೊಂಡಾಗಿತ್ತು. ಹಿಂದಿನ ದಿನ ಮನೆಗೆ ಬಂದ ತಂಗಿಯ ಫೋನನ್ನು ಕಿತ್ತುಕೊಂಡು, ಮನೆಯ ಮೂಲೆ ಮೂಲೆಯಲ್ಲಿ ಹಿಡಿದು ಪರೀಕ್ಷಿಸಿದ್ದಳು. ಅಡುಗೆಮನೆ, ಹಿತ್ತಲು, ಬಚ್ಚಲು, ಮಂಚದ ಕೆಳಗೂ ಒಂದು ಸಲ. "ಮಂಚದ ಕೆಳಗೆ ಯಾಕಕ್ಕಾ?" ಎಂದು ತಂಗಿ ಕೇಳಿದ್ದಕ್ಕೆ, "ಗುಡಿಸುವಾಗ ಬಂದ್ರೆ?" ಎಂದಿದ್ದಳು.

ಫೋನು ಸತ್ತಿರುವ ಹೊತ್ತಿಗೂ ಅವಳು ಉಪಾಯ ಮಾಡಿದ್ದಳು. ಒಂದೊಂದು ಕಟ್ಟಡದ ವಾಚ್‌ಮನ್‌ಗೂ ಫೋನು ಹಚ್ಚಿ ಹೇಳಿದಳು: "ನಾಳೆ ಒಂದು ದಿನ ತಗಡಿನ ನಂಬರ್ ಬೇಡ. ನಮ್ಮ ಯಜಮಾನ್ರ ನಂಬರ್ ಕೊಡ್ತೀನಿ, ಬರ್ಕೋ. ಲಿಫ್ಟಿನೊಳಗೆ ಒಂದು ಚೀಟಿ ಅಂಟಿಸು. ನೀನೂ ಕಿವಿ ಅತ್ತ ಇಟ್ಟಿರು. ಯಾರಾದ್ರೂ ಬಡಿದ್ರೆ ತಕ್ಷಣ ಅವರಿಗೆ ಮಾಡು." ಹೇಳಿದ್ದನ್ನು ವಾಪಸು ಹೇಳಿಸಿದಳು. ಗಂಡನಿಗೂ ಪಾಠ ಮಾಡಿದಳು, "ನಾಳೆ ಒಂದು ದಿನ ಒರಟಾಗಿ ಮಾತಾಡ್ಬೇಡಿ. ಹಗ್ಗದ ವಿಷಯ ಎತ್ಲೇಬೇಡಿ."

ಇಡೀ ಊರಿನ ಲಿಫ್ಟುಗಳಲ್ಲಿ ಯಾರೇ ಸಿಕ್ಕಿಕೊಳ್ಳಲಿ, ಸುದ್ದಿ ಮೇಸ್ತ್ರಿಗೆ ತಲುಪುತ್ತದೆ. ಒಂದು ತೂತೂ ಉಳಿಯದಂತೆ ಮುಚ್ಚಿದ್ದೇನೆ ಎಂದು ಅವಳು ಬೀಗಿದಳು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಅದು ಅವಳಿಗೆ ಆಗ ಹೊಳೆಯಲಿಲ್ಲ.

ಮಾರನೇ ದಿನ ಬೆಳಗ್ಗೆ ಮೇಸ್ತ್ರಿ ಕುಂಟುತ್ತಾ ಕೆಲಸಕ್ಕೆ ಹೋದ ಮೇಲೆ ಹಳೇ ಸಿಮ್ ಸತ್ತಿತು. ಹೊಸ ಸಿಮ್ ಹಾಕಿಕೊಂಡು ಕುರ್ಚಿಯಲ್ಲಿ ಕೂತಳು. ಅಂಥ ಮೌನ ಆ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಬೀನ್ಸಿನ ನಾರು ತೆಗೆದಳು. ತಲೆ ಸ್ನಾನ ಮಾಡಿದಳು, ನೆಮ್ಮದಿಯಾಗಿ. ನೆಮ್ಮದಿ ಒಂದು ಚೂರೂ ರುಚಿಸಲಿಲ್ಲ. ಕೂದಲಿಗೆ ಟವೆಲು ಸುತ್ತಿಕೊಂಡು ಮತ್ತೆ ಬಂದು ಫೋನಿನ ಮುಂದೆ ಕೂತಳು. ಇದೇ ಮುಂದಿನ ದಿನಗಳ ರುಚಿ, ಕೋಟಿನವನು ಗೆದ್ದರೆ. ಇಲ್ಲ, ಗೆಲ್ಲುವುದಿಲ್ಲ ಎಂದುಕೊಂಡಳು. ಸಂಜೆ ಗಂಡ ಬರಲಿ, ಬಾಗಿಲಲ್ಲೇ ನಿಲ್ಲಿಸಿ, ಎಷ್ಟು ಫೋನ್ ತಪ್ಪಿತು ಹೇಳಿ ಎಂದು ಕೇಳಿಯೇ ಒಳಗೆ ಬಿಡುವುದು.

ಊಟದ ಹೊತ್ತು ದಾಟಿ, ಬಿಸಿಲು ಕಿಟಕಿಯಿಂದ ಕುರ್ಚಿಯ ಕಾಲಿಗೆ ಬಂದಿತ್ತು. ಫೋನು ಗುಂಯ್ ಎಂದಿತು. ಹೊಸ ಕಂಪನಿ ಸ್ವಾಗತ ಕೋರಿತ್ತು. ಅವಳು ಅದನ್ನು ಓದಲು ಕನ್ನಡಕಕ್ಕೆ ಕೈ ಹಾಕುವುದರೊಳಗೆ ರಿಂಗಾಯಿತು. ಎರಡನೇ ರಿಂಗು ಪೂರ್ತಿಯಾಗಲಿಲ್ಲ. ಯಾರೆಂದು ನೋಡುವ ಅಭ್ಯಾಸ ಅವಳಿಗೆ ಮೊದಲಿನಿಂದಲೂ ಇಲ್ಲ, ನೋಡುತ್ತಾ ಕೂತರೆ ಮೂರನೇ ರಿಂಗಾಗುತ್ತದೆ.

"ಹೆದರಬೇಡಿ, ನಾನಿದೀನಿ. ಬಾಗಿಲು ತಳ್ಳಬೇಡಿ. ಗೋಡೆಗೆ ಬೆನ್ನು ಕೊಟ್ಟು ಕೂತ್ಕೊಳ್ಳಿ."

ಆ ಕಡೆ ಉಸಿರಾಟ ಮಾತ್ರ. ಮೇಲಿಂದ ಮೇಲೆ ಬರುವ, ಒಣಗಿದ ಬಾಯಿಯ ಉಸಿರು. ಅವಳಿಗೆ ಆ ಉಸಿರು ಚೆನ್ನಾಗಿ ಗೊತ್ತು. ಅದು ಗಟ್ಟಿ ಗಂಡಸರದು, ಯಾವತ್ತೂ ಹೆದರಿಲ್ಲ ಎಂದು ಹೇಳಿಕೊಂಡು ತಿರುಗುವವರದು. ಅವರಿಗೇ ಹೆಚ್ಚು ಹೊತ್ತು ಮಾತಾಡಬೇಕು.

"ಕೂತ್ರಾ? ಕಾಲು ಚಾಚ್ಕೊಳ್ಳಿ. ಕತ್ತಲೆ ಇದ್ರೆ ಕಣ್ಣು ಮುಚ್ಚಿಬಿಡಿ, ಆಗ ಅದು ನಿಮ್ಮದೇ ಕತ್ತಲೆ ಆಗುತ್ತೆ. ಗಾಳಿ ಬರುತ್ತೆ, ಮೇಲೆ ಕಿಂಡಿ ಇರುತ್ತೆ. ಯಾವ ಕಟ್ಟಡ ಅಂತ ನಿಧಾನಕ್ಕೆ ಹೇಳಿ, ಅವಸರ ಇಲ್ಲ. ನಮ್ಮ ಯಜಮಾನ್ರು ಆಗ್ಲೇ ಹೊರಟಾಯ್ತು, ದಾರೀಲಿದಾರೆ."

ಉಸಿರು ನಿಂತಿತು. ಆಮೇಲೆ ಸಣ್ಣ ದನಿ ಬಂತು.

"ಅವರು ಬರಲ್ಲ ಕಣೇ."

"ಯಾಕ್ರೀ ಬರಲ್ಲ?" ಎಂದುಬಿಟ್ಟಳು.

"ಇಲ್ಲೇ ಇದೀನಿ."

ಅವಳ ತಲೆಯ ಟವೆಲು ಬಿಚ್ಚಿ ಹೆಗಲಿಗೆ ಬಿತ್ತು. ಮೂವತ್ತು ಮನೆಗಳ ಹಳೇ ಫ್ಲ್ಯಾಟು, ಪೇಟೆಯ ಹಿಂದಿನ ಬೀದಿ. ಮೇಸ್ತ್ರಿ ಮೆಟ್ಟಿಲು ಹತ್ತಿ ಹೋಗಿ ತುದಿಯ ಮೆಷಿನ್ ರೂಮಿನಲ್ಲಿ ಚೀಲ ಇಟ್ಟಿದ್ದ. ಏನೋ ನೋಡಲು ಕೆಳಗೆ ಇಳಿದಿದ್ದ. ಮತ್ತೆ ಹತ್ತಲು ಮಂಡಿ ಒಪ್ಪಲಿಲ್ಲ. ಯಾರೂ ನೋಡುತ್ತಿಲ್ಲ ಎಂದು ಲಿಫ್ಟಿನೊಳಗೆ ಕಾಲಿಟ್ಟ. ಮೂರನೇ ಮಹಡಿಗೆ ಮೊಣಕಾಲುದ್ದ ಬಾಕಿ ಇರುವಾಗ ಅದು ನಿಂತಿತು, ದೀಪವೂ ಹೋಯಿತು. ಬಾಗಿಲ ಕೀಲಿ ಮೆಷಿನ್ ರೂಮಿನಲ್ಲಿ, ಮೆಷಿನ್ ರೂಮಿನ ಕೀಲಿ ಅವನ ಜೇಬಿನಲ್ಲಿ, ಅವನು ಲಿಫ್ಟಿನಲ್ಲಿ. ಊರಿಗೆಲ್ಲ ಕರೆಯಲು ಮೇಸ್ತ್ರಿ ಇದ್ದ. ಮೇಸ್ತ್ರಿಗೆ ಕರೆಯಲು ಇದ್ದದ್ದು ಅವಳೊಬ್ಬಳು. ಆ ಒಬ್ಬಳ ಫೋನನ್ನೇ ಅವಳು ಸಾಯಿಸಿ ಕೂತಿದ್ದಳು.

"ವಾಚ್‌ಮನ್ ಇಲ್ವಾ?"

"ಇದಾನೆ! ನಾನು ಬಾಗಿಲು ಬಡಿದೆ. ಅವನು ನೀನು ಹೇಳಿಕೊಟ್ಟಂಗೇ ಓಡಿಹೋಗಿ ನನಗೆ ಫೋನ್ ಮಾಡಿದ. 'ಮೇಸ್ತ್ರೀ, ಲಿಫ್ಟಲ್ಲಿ ಯಾರೋ ಬಡೀತಾರೆ, ಬೇಗ ಬನ್ನಿ' ಅಂತ. ಬಡೀತಿರೋನು ನಾನೇ ಕಣಯ್ಯಾ ಅಂದೆ. ನಂಬಲೇ ಇಲ್ಲ ಆಸಾಮಿ. ಮೇಸ್ತ್ರಿ ಲಿಫ್ಟ್ ಹತ್ತಲ್ಲ, ತಮಾಷೆ ಮಾಡ್ಬೇಡಿ, ಬೇಗ ಬನ್ನಿ ಅಂತ ಇಟ್ಟುಬಿಟ್ಟ!"

ಬೇರೆ ದಿನವಾಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಈಗ ಅವನ ದನಿಯ ತುದಿ ನಡುಗುತ್ತಿತ್ತು. ಅಷ್ಟು ವರ್ಷದ ಸಂಸಾರದಲ್ಲಿ ಆ ನಡುಕವನ್ನು ಅವಳು ಕೇಳಿರಲಿಲ್ಲ.

"ಫೋನ್ ಇಡ್ಬೇಡಿ. ನಾನು ಬರ್ತಿದೀನಿ."

"ನೀನಾ?"

"ಮತ್ತಿನ್ಯಾರು, ಕೋಟಿನವನಾ?"

ಮೊಳೆಯಲ್ಲಿದ್ದ ಕೀಲಿಗೊಂಚಲು ಎಳೆದುಕೊಂಡು, ಒದ್ದೆ ಕೂದಲಲ್ಲೇ, ಫೋನನ್ನು ಕಿವಿಗೆ ಒತ್ತಿ ಬೀದಿಗಿಳಿದಳು. ಹೊಸಿಲು ದಾಟುವಾಗ ಅವಳಿಗೆ ಹೊಳೆಯಿತು. ಮಂಚದ ಕೆಳಗೂ ಪರೀಕ್ಷೆ ಮಾಡಿದ ಹೆಣ್ಣು, ಬೀದಿಯಲ್ಲಿ ಒಮ್ಮೆಯೂ ಸಿಗ್ನಲ್ ನೋಡಿರಲಿಲ್ಲ! ಆ ಫೋನು ಮನೆ ಬಿಟ್ಟು ಹೊರಗೆ ಬಂದದ್ದೇ ಇಲ್ಲ. ತಿರುವು ಬಂತು, ದನಿ ಉಳಿಯಿತು. ಪೇಟೆಯ ಗದ್ದಲ ಬಂತು, ದನಿ ಉಳಿಯಿತು. ಸೇತುವೆಯ ಕೆಳಗೆ ಒಂದು ಸಲ ಗೊರಗೊರ ಎಂದಿತು. "ಇದ್ದೀಯಾ?" ಎಂದು ಅವನು ಕೂಗಿದ. "ಇದೀನಿ, ಇದೀನಿ" ಎಂದು ಅವಳು ಓಡಿದಳು. ಕಡಿಮೆ ಬೆಲೆಯ ಕಂಪನಿ ಕೈ ಬಿಡಲಿಲ್ಲ.

ದಾರಿಯುದ್ದಕ್ಕೂ ಮಾತಾಡಿದಳು. ತರಕಾರಿ ಗಾಡಿ ಅಡ್ಡ ಬಂದದ್ದು, ಚಪ್ಪಲಿ ಬೇರೆ ಬೇರೆ ಜೊತೆಯದು ಹಾಕಿಕೊಂಡದ್ದು, ರಾತ್ರಿಗೆ ಬೀನ್ಸು ಮಾಡುವುದು, ಎಲ್ಲ ಹೇಳಿದಳು. ಬಾಯಿ ಹೀಗೆ ನಡೆಯುತ್ತಿದ್ದಾಗ ಅವನು ಯಾವತ್ತೂ, ಚುಟುಕಾಗಿ ಹೇಳೇ, ಎನ್ನುತ್ತಿದ್ದ. ಇವತ್ತು, "ಹೂಂ, ಆಮೇಲೆ?" ಎನ್ನುತ್ತಿದ್ದ.

ಕಟ್ಟಡದ ಗೇಟಿನಲ್ಲಿ ವಾಚ್‌ಮನ್ ಮೇಸ್ತ್ರಿಯ ದಾರಿ ಕಾಯುತ್ತಾ ನಿಂತಿದ್ದ.

"ಮೊದಲು ಲಿಫ್ಟಿನ ಮೈನ್ ಆಫ್ ಮಾಡಪ್ಪ" ಎಂದಳು.

ಅವನು ಅವಳ ಮುಖ ನೋಡಲಿಲ್ಲ, ದನಿ ಕೇಳಿದ. ಕೇಳಿ ಬಾಯಿ ತೆರೆದ. "ಲಿಫ್ಟಕ್ಕಾ! ನೀವೇನಾ?" ಎಂದವನೇ ಓಡಿದ.

ಮೂರನೇ ಮಹಡಿಯಲ್ಲಿ ನಾಲ್ಕು ಜನ ಸೇರಿದ್ದರು. ಅವಳು ಏದುಸಿರು ಬಿಡುತ್ತಾ, "ಸ್ವಲ್ಪ ಹಿಂದೆ ಸರೀರಿ, ಬಾಗಿಲು ತಳ್ಳಬೇಡಿ" ಎಂದಳು ಅಷ್ಟೇ. ಕೈಯಲ್ಲಿ ಬಟ್ಟೆ ಬುಟ್ಟಿ ಹಿಡಿದ ಒಬ್ಬ ದಪ್ಪನೆಯ ಹೆಂಗಸು ಬುಟ್ಟಿ ಕೆಳಗಿಟ್ಟಳು.

"ಅಯ್ಯೋ, ಇದು ಅದೇ ದನಿ! ಹೋದ ವರ್ಷ ನನ್ನ ಮೊಮ್ಮಗೂನ ಎತ್ಕೊಂಡು ಒಳಗೆ ಸಿಕ್ಕಾಕೊಂಡಿದ್ದೆ. ಮಗು ಮಲಗೋವರೆಗೂ ಮಾತಾಡಿದ್ರಲ್ಲ, ಅದು ನೀವೇ ತಾನೇ?" ಎಂದು ಕೆನ್ನೆ ಸವರಿಬಿಟ್ಟಳು.

ಲಿಫ್ಟಕ್ಕನ ಕಣ್ಣು ಮಂಜಾಯಿತು. ಆದರೆ ಈಗ ಅದಕ್ಕೆ ಹೊತ್ತಿಲ್ಲ. ಬಾಗಿಲ ಮೂಲೆಯ ತೂತಿಗೆ ಮೂರು ಮೂಲೆಯ ಕೀಲಿ ಹಾಕಿ, ಒಳಗಿನಿಂದ ಗಂಡ ಹೇಳಿಕೊಟ್ಟ ಹಾಗೆ ತಿರುಗಿಸಿದಳು. ಬಾಗಿಲು ಸರಿಯಿತು. ಮೊಣಕಾಲುದ್ದ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಕಣ್ಣು ಮುಚ್ಚಿಕೊಂಡು ಅವನು ಕೂತಿದ್ದ. ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದ್ದ. ಫೋನು ಇನ್ನೂ ಕಿವಿಯಲ್ಲೇ ಇತ್ತು.

"ಕಣ್ಣು ಬಿಡ್ರೀ" ಎಂದಳು ಫೋನಿನಲ್ಲಿ. ಎದುರಿಗೇ ಇದ್ದರೂ ಫೋನಿನಲ್ಲೇ ಹೇಳಿದಳು.

ಕೈ ಕೊಟ್ಟು ಎಳೆದರು. ಅವನನ್ನು ಮೆಟ್ಟಿಲ ಮೇಲೆ ಕೂರಿಸಿ ನೀರು ಕುಡಿಸಿದರು. ಜನ ಚದುರಿದ ಮೇಲೆ ಅವಳು ಪಕ್ಕದಲ್ಲಿ ಕೂತಳು.

"ಎಷ್ಟು ಹೊತ್ತಿಂದ ಮಾಡ್ತಿದ್ರಿ ನನಗೆ?"

"ತುಂಬಾ ಹೊತ್ತಿಂದ. ನಂಬರ್ ಚಾಲ್ತಿಯಲ್ಲಿಲ್ಲ, ಚಾಲ್ತಿಯಲ್ಲಿಲ್ಲ ಅಂತಲೇ ಇತ್ತು."

ಅವಳ ಮುಖ ಇಳಿಯಿತು. ಬಾಯಿಬಡುಕಿ ಇರಬಹುದು, ಮಾತು ತಪ್ಪುವವಳಲ್ಲ. "ಹಾಗಾದ್ರೆ ಫೋನ್ ತಪ್ತು. ನಾನು ಕೊಟ್ಟ ಮಾತು ಕೊಟ್ಟ ಮಾತೇ. ನಾಳೆ ಕೋಟಿನವನನ್ನ ಕರೀರಿ. ಚಹಾಕ್ಕೆ ಇಡ್ತೀನಿ."

ಮೇಸ್ತ್ರಿ ಜೇಬಿನಿಂದ ಆ ಹೊಳೆಯುವ ಕಾರ್ಡು ತೆಗೆದ. ಬೆವರಿಗೆ ಅದು ಮೆತ್ತಗಾಗಿತ್ತು.

"ನಿನಗೆ ಹೋಗ್ದೇ ಇದ್ದಾಗ ಇವರಿಗೂ ಮಾಡ್ದೆ. ಹೆಂಗಿದ್ರೂ ಪುಕ್ಕಟೆ ಅಲ್ವಾ."

"ಏನಂದ್ರು?"

"ಲಿಫ್ಟಿನ ನೋಂದಣಿ ಸಂಖ್ಯೆ ಕೇಳಿದ್ರು. ಕತ್ತಲೆ, ಕಾಣಲ್ಲ ಅಂದೆ. ಲೈನಲ್ಲಿರಿ ಅಂತ ಹಾಡು ಹಾಕಿದ್ರು."

"ಆಮೇಲೆ?"

"ಆಮೇಲೆ ಅದೇ ಹಾಡು ಇನ್ನೊಂದ್ಸಲ." ಕಾರ್ಡನ್ನು ಎರಡು ಮಾಡಿ ಹರಿದು ಅವಳ ಕೈಗಿಟ್ಟ. "ಒಲೆ ಹಚ್ಚೋಕೆ ಇಟ್ಕೋ. ಮಾತು ಕೊಟ್ಟಿದ್ದು ನನಗೆ ತಾನೇ? ವಾಪಸ್ ಕೊಟ್ಟಿದೀನಿ."

ಅವಳು ಆ ತುಂಡುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅವನೇ ಮುಂದುವರಿಸಿದ.

"ಒಂದು ಕೇಳ್ತೀನಿ. ಯಜಮಾನ್ರು ಆಗ್ಲೇ ಹೊರಟಾಯ್ತು ಅಂದ್ಯಲ್ಲ. ಎಲ್ರಿಗೂ ಹಂಗೇ 'ಹೊರಟಾಯ್ತು' ಅಂತೀಯಾ?"

"ಹೂಂ. ಮೊದಲಿಂದಲೂ."

"ನಾನಿನ್ನೂ ಚಹಾ ಕುಡೀತಾ ಕೂತಿದ್ರೂ?"

"ಗೊರಕೆ ಹೊಡೀತಾ ಇದ್ರೂ."

ಅವನು ಮಂಡಿ ಸವರಿಕೊಂಡ. ಎಷ್ಟು ಬೇಗ ಬಂದ್ರಿ ಸಾರ್ ಎಂದು ತನ್ನ ಕೈ ಕುಲುಕಿದವರೆಲ್ಲ ಅವನ ಕಣ್ಣ ಮುಂದೆ ಬಂದು ಹೋಗುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು. ಅವನು ತಲೆ ತಗ್ಗಿಸಿ, ಮೆಲ್ಲಗೆ ಹೇಳಿದ:

"ನೀನು ಹಂಗಂದಾಗ ನನಗೂ ಯಾರೋ ಬರ್ತಿದಾರೆ ಅನ್ನಿಸ್ತು ಕಣೇ. ಬರಬೇಕಾದೋನು ನಾನೇ ಅಂತ ಗೊತ್ತಿದ್ರೂ ಧೈರ್ಯ ಬಂತು."

ಅಷ್ಟರಲ್ಲಿ ಅವಳ ಮಡಿಲಲ್ಲಿದ್ದ ಫೋನು ರಿಂಗಾಯಿತು. ಎರಡನೆಯದು ಪೂರ್ತಿಯಾಗಲಿಲ್ಲ.

"ಹೆದರಬೇಡಿ, ನಾನಿದೀನಿ. ಬಾಗಿಲು ತಳ್ಳಬೇಡಿ. ಗೋಡೆಗೆ ಬೆನ್ನು ಕೊಟ್ಟು ಕೂತ್ಕೊಳ್ಳಿ. ಎಲ್ಲಿಂದ, ಆಸ್ಪತ್ರೆಯಿಂದಾನಾ? ಸರಿ. ನಮ್ಮ ಯಜಮಾನ್ರು..."

ಪಕ್ಕಕ್ಕೆ ನೋಡಿದಳು. ಕಂಬಿ ಹಿಡಿದು, ಕೀಲಿಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೇಸ್ತ್ರಿ ಆಗಲೇ ಮೆಟ್ಟಿಲು ಇಳಿಯುತ್ತಿದ್ದ.

"...ಹೊರಟಾಯ್ತು" ಎಂದಳು.